ಗೋಡೆಗೂಡಿನಲ್ಲಿ ಉಳಿದ ಗುಳಿಗೆಗಳು

ಈ ಸಲದ ಮಳೆಗಾಲದಲ್ಲಿ, ತೋಟಕ್ಕೆ ಮೊದಲನೆಯ ಮದ್ದು ಹೊಡೆದು ಎರಡನೆಯದಕ್ಕೆ ಎಲ್ಲರೂ ಹೊಳವು ಕಾಯುತ್ತಿದ್ದ ದಿನಗಳಲ್ಲಿ, ನಾವು ಭಟ್ಕಳ ತಾಲೂಕಿನ ಹೆಬಳೆಗೆ ಹೋಗಿದ್ದೆವು. ಅಲ್ಲಿಯ ನಮ್ಮ ಸದಸ್ಯರೊಬ್ಬರ ತೋಟದಲ್ಲಿ ಕೊಳೆ ಕಾಣಿಸಿದೆಯೆಂದು ತಿಳಿದು ನೋಡಿಬರಲು ಹೋದದ್ದು. ತೆಂಗಿನಗುಂಡಿ ಕಡೆಯಿಂದ ಕಡಲಗಾಳಿ ಬೀಸಿ ಮಳೆ ಅಡ್ಡಡ್ಡ ಹೊಡೆಯುತ್ತಿತ್ತು. ತೋಟ ಸುತ್ತಿ ಬಂದು ಜಗಲಿಯ ಮೇಲೆ ಕುಳಿತಾಗ ಯಜಮಾನರು ತಮ್ಮ ಮೈಲುತುತ್ತಿನ ದಾಸ್ತಾನು ತೋರಿಸಿದರು. ಅಡುಗೆಮನೆಗೂ ಕೊಟ್ಟಿಗೆಗೂ ದೂರವಾಗಿ ಒಂದು ಕೋಣೆ, ಬಾಗಿಲಿಗೆ ಬೀಗ. ಮದ್ದು ಕದಡುವ ಪ್ಲಾಸ್ಟಿಕ್ ಪೀಪಾಯಿಯನ್ನು ಬೇರಾವ ಕೆಲಸಕ್ಕೂ ಬಳಸುವುದಿಲ್ಲ. ನೂರು ಲೀಟರಿಗೆ ಒಂದು ಕಿಲೋ ತುತ್ತು, ಒಂದು ಕಿಲೋ ಸುಣ್ಣ. ಕದಡಿದ ಮೇಲೆ ಕತ್ತಿಯ ಅಲಗು ಅದ್ದಿ ಕೆಂಪು ಹತ್ತುವುದೋ ಇಲ್ಲವೋ ಎಂದು ಪರೀಕ್ಷಿಸಿಯೇ ಕೊನೆಗೌಡನಿಗೆ ಕೊಡುತ್ತಾರೆ. ಮಕ್ಕಳು ಆ ಕಡೆ ಸುಳಿಯುವಂತಿಲ್ಲ. ಇಷ್ಟು ಅಚ್ಚುಕಟ್ಟು ಕಂಡು ನಮಗೆ ಸಂತೋಷವೇ ಆಯಿತು.

ಅಷ್ಟರಲ್ಲಿ ಒಳಗಿನಿಂದ ಅವರ ತಾಯಿ ಗೋಡೆ ಹಿಡಿದುಕೊಂಡು ನಿಧಾನವಾಗಿ ಬಂದು ಕುಳಿತರು. ಆರೋಗ್ಯ ಹೇಗಿದೆ ಎಂದು ವಾಡಿಕೆಯಂತೆ ಕೇಳಿದೆವು. ಯಜಮಾನರು ತಲೆ ತಗ್ಗಿಸಿದರು. ಉತ್ತರ ಹೇಳಿದವರು ಅವರ ಹೆಂಡತಿ. ಆ ಸಂಗತಿಯೇ ಈ ಲೇಖನಕ್ಕೆ ಕಾರಣ. ಮನೆಯವರ ಹೆಸರು ಬರೆಯುವುದಿಲ್ಲ. ಬರೆಯಬೇಡಿ ಎಂದು ಅವರು ಕೇಳಿಕೊಂಡಿದ್ದಾರೆ.

ಹಿರಿಯ ಯಜಮಾನರು ತೀರಿಕೊಂಡು ಎರಡು ವರ್ಷ ದಾಟಿದೆ. ಅವರಿಗೆ ಸಕ್ಕರೆ ಕಾಯಿಲೆ, ರಕ್ತದ ಒತ್ತಡ, ಕೊನೆಗೆ ಹೃದಯದ ತೊಂದರೆ. ದಕ್ಷಿಣದ ದೊಡ್ಡ ಆಸ್ಪತ್ರೆಯೊಂದರಿಂದ ಮನೆಗೆ ಕರೆತರುವಾಗ ಒಂದು ಚೀಲ ತುಂಬ ಮಾತ್ರೆ ಕೊಟ್ಟಿದ್ದರು. ಮನೆಗೆ ಬಂದ ಹನ್ನೊಂದನೆಯ ದಿನ ಅವರು ಹೋದರು. ಚೀಲ ಗೋಡೆಗೂಡಿನಲ್ಲಿ ಉಳಿಯಿತು. ಈ ವರ್ಷ ಆಷಾಢದ ಒಂದು ರಾತ್ರಿ ಕರೆಂಟು ಹೋಗಿತ್ತು. ಅಜ್ಜಿಗೆ ಎದೆಯುರಿ. ಗ್ಯಾಸಿನ ಮಾತ್ರೆ ಎಂದು ಕೈಗೆ ಸಿಕ್ಕಿದ ಹಾಳೆಯಿಂದ ಎರಡು ತೆಗೆದು ನುಂಗಿ ಮಲಗಿದರು. ಬೆಳಗಿನ ಜಾವ ಸೊಸೆ ಎದ್ದು ನೋಡಿದರೆ ಅತ್ತೆಯ ಸೀರೆ ಬೆವರಿನಿಂದ ತೊಯ್ದಿದೆ, ಮಾತು ತೊದಲುತ್ತಿದೆ, ಕರೆದರೆ ಯಾರೋ ಅಪರಿಚಿತರನ್ನು ನೋಡುವಂತೆ ನೋಡುತ್ತಾರೆ. ಲಕ್ವ ಹೊಡೆಯಿತೆಂದೇ ಮನೆಮಂದಿ ತಿಳಿದರು. ಮಾವನವರಿಗೆ ಸಕ್ಕರೆ ಇಳಿದಾಗ ಹೀಗೇ ಆಗುತ್ತಿದ್ದುದು ಸೊಸೆಗೆ ನೆನಪಿತ್ತು. ಅತ್ತೆ ಇನ್ನೂ ನುಂಗಬಲ್ಲವರಾಗಿದ್ದುದರಿಂದ ಬೆಲ್ಲದ ನೀರನ್ನು ಚಮಚದಲ್ಲಿ ಕುಡಿಸಿದರು. ಅರ್ಧ ಗಂಟೆಯಲ್ಲಿ ಕಣ್ಣು ತಿಳಿಯಾಯಿತು.

ನುಂಗಿದ್ದು ಗ್ಲಿಮಿಪಿರೈಡ್ ಎಂಬ ಸಕ್ಕರೆ ಕಾಯಿಲೆಯ ಮಾತ್ರೆ. ಸಕ್ಕರೆ ಕಾಯಿಲೆ ಇಲ್ಲದವರ ಹೊಟ್ಟೆಗೂ ಅದು ಹೋದರೆ ದೇಹದಿಂದ ಇನ್ಸುಲಿನ್ ಹೊರಡಿಸಿ ರಕ್ತದ ಸಕ್ಕರೆಯನ್ನು ತಳಕ್ಕೆ ಇಳಿಸುತ್ತದೆ. ಮೂತ್ರಪಿಂಡ ದುರ್ಬಲವಾಗಿರುವ ವೃದ್ಧರಲ್ಲಿ ಒಮ್ಮೆ ಬೆಲ್ಲದ ನೀರು ಕುಡಿಸಿದ ಮಾತ್ರಕ್ಕೆ ಗಂಡಾಂತರ ಕಳೆಯುವುದಿಲ್ಲ, ಕೆಲವು ಗಂಟೆಗಳ ಮೇಲೆ ಸಕ್ಕರೆ ಮತ್ತೆ ಇಳಿಯಬಹುದು. ಆದ್ದರಿಂದ ಅಜ್ಜಿಯನ್ನು ಎರಡು ದಿನ ಆಸ್ಪತ್ರೆಯಲ್ಲಿಟ್ಟುಕೊಂಡರು. ಇಲ್ಲಿ ಒಂದು ಮಾತು: ಪೂರ್ತಿ ಎಚ್ಚರ ತಪ್ಪಿದವರ ಬಾಯಿಗೆ ನೀರಾಗಲಿ ಬೆಲ್ಲವಾಗಲಿ ಹಾಕಬಾರದು, ಅದು ಶ್ವಾಸನಾಳಕ್ಕೆ ಇಳಿಯುತ್ತದೆ.

"ಅವ್ರು ನುಂಗ್ದೆ ಬಿಟ್ಟು ಹೋದದ್ದು. ಬಿಸಾಡೂಕೆ ಮನಸ್ಸು ಬರ್ಲಿಲ್ಲ" ಎಂದರು ಅಜ್ಜಿ. ಅದಕ್ಕೆ ನಾವು ಏನು ಹೇಳುವುದು?

ಗೆರಸೆಯ ಮೇಲೆ ಸುರಿದಾಗ

ಮನೆಯವರ ಒಪ್ಪಿಗೆ ಪಡೆದು ಆ ಚೀಲವನ್ನೂ ಗೋಡೆಗೂಡಿನಲ್ಲಿದ್ದ ಉಳಿದುದನ್ನೂ ಒಂದು ಗೆರಸೆಯ ಮೇಲೆ ಸುರಿದು ನೋಡಿದೆವು. ಗೆರಸೆ ತುಂಬಿತು. ಅರ್ಧಕ್ಕರ್ಧ ಹಾಳೆಗಳ ಮೇಲೆ ಹೆಸರೇ ಇಲ್ಲ. ಅಂಗಡಿಯಲ್ಲಿ ಹತ್ತರ ಹಾಳೆಯಿಂದ ನಾಲ್ಕನ್ನು ಕತ್ತರಿಸಿ ಕೊಡುತ್ತಾರಲ್ಲ, ಆಗ ಹೆಸರೂ ಅವಧಿಯ ತಾರೀಕೂ ಇರುವ ತುದಿ ಎಷ್ಟೋ ಸಲ ಅಂಗಡಿಯಲ್ಲಿಯೇ ಉಳಿಯುತ್ತದೆ. ಅರ್ಧ ಕುಡಿದ ಕೆಮ್ಮಿನ ಔಷಧಿಯ ಮೂರು ಬಾಟಲಿ. ಒಡೆದ ಮೇಲೆ ಸಾಧಾರಣವಾಗಿ ಒಂದು ತಿಂಗಳೊಳಗೆ ಬಳಸಿ ಮುಗಿಸಬೇಕಾದ ಕಣ್ಣಿನ ಹನಿ, ಯಾವ ಕಾಲದ್ದೋ ತಿಳಿಯದು. ಜ್ವರ ಬಿಟ್ಟ ಕೂಡಲೇ ನಿಲ್ಲಿಸಿದ ಅಮಾಕ್ಸಿಸಿಲಿನ್, ಅಜಿತ್ರೋಮೈಸಿನ್. ಮಂಗನ ಕಾಯಿಲೆಯ ಭಯದ ದಿನಗಳಲ್ಲಿ ಆರೋಗ್ಯ ಇಲಾಖೆ ಹಂಚಿದ ಉಣ್ಣೆ ತಡೆಯುವ ತೈಲದ ಬಾಟಲಿ, ಸಿದ್ದಾಪುರದ ನೆಂಟರ ಮನೆಯಿಂದ ಬಂದದ್ದು. ಆಕಳಿಗೆ ತಂದ ಹುಳದ ಮದ್ದು ಸಹ ಅಲ್ಲೇ, ಅಜ್ಜಿಯ ಕಾಲುನೋವಿನ ಮುಲಾಮಿಗೆ ಒರಗಿಕೊಂಡು!

ಭಟ್ಕಳ ಸೀಮೆಗೆ ವಿಶೇಷವಾದ ಇನ್ನೊಂದು ಬಗೆಯೂ ಅದರಲ್ಲಿತ್ತು. ಈ ಕಡೆಯ ಎಷ್ಟೋ ಮನೆಗಳ ಗಂಡಸರು ಕೊಲ್ಲಿ ದೇಶಗಳಲ್ಲಿ ದುಡಿಯುತ್ತಾರೆ. ರಜೆಗೆ ಬರುವಾಗ ಪೆಟ್ಟಿಗೆಯಲ್ಲಿ ಸೋಪು, ಅತ್ತರು, ಹಾಲಿನ ಪುಡಿಯ ಜೊತೆಗೆ ಮಾತ್ರೆಗಳೂ ಬರುತ್ತವೆ. ನೆರೆಹೊರೆಗೆ ಪ್ರೀತಿಯಿಂದ ಹಂಚಿಹೋಗುತ್ತವೆ. ಡಬ್ಬಿಯ ಮೇಲೆ ಒಂದು ಕಡೆ ಅರಬ್ಬಿ, ಇನ್ನೊಂದು ಕಡೆ ಇಂಗ್ಲಿಷು. ಪನಡಾಲ್ ಎಂದು ಅಲ್ಲಿಂದ ಬಂದದ್ದೂ ಡೋಲೋ, ಕ್ರೋಸಿನ್ ಎಂದು ನಮ್ಮಲ್ಲಿ ಮಾರುವುದೂ ಒಂದೇ ಪ್ಯಾರಾಸಿಟಮಾಲ್. ಜ್ವರ ಬೇಗ ಇಳಿಯಲಿ ಎಂದು ಎರಡನ್ನೂ ಒಟ್ಟಿಗೆ ನುಂಗಿದರೆ ಪ್ರಮಾಣ ಇಮ್ಮಡಿ. ದೊಡ್ಡವರಿಗೆ ದಿನಕ್ಕೆ ನಾಲ್ಕು ಗ್ರಾಂ ಅದರ ಮಿತಿ. ಅದಕ್ಕೆ ಮೀರಿದರೆ ಯಕೃತ್ತು ಕೆಡುತ್ತದೆ, ಅದೂ ಮೊದಲ ದಿನ ಯಾವ ಸೂಚನೆಯನ್ನೂ ಕೊಡದೆ.

ಇಷ್ಟೆಲ್ಲ ಏಕೆ ಉಳಿಯುತ್ತದೆ? ಹೇಳಲು ದೊಡ್ಡ ವಿಚಾರವೇನೂ ಬೇಡ. ಗುಣವಾದ ಕೂಡಲೇ ನಿಲ್ಲಿಸುತ್ತೇವೆ. ಡಾಕ್ಟರನ್ನು ಬದಲಾಯಿಸುತ್ತೇವೆ, ಹೊಸಬರು ಹೊಸ ಚೀಟಿ ಬರೆಯುತ್ತಾರೆ. ಭಟ್ಕಳದಿಂದ ಮಣಿಪಾಲಕ್ಕೋ ಮಂಗಳೂರಿಗೋ ಮೇಲಿಂದ ಮೇಲೆ ಹೋಗಿಬರುವುದು ಸುಲಭವಲ್ಲ, ಹಾಗಾಗಿ ಮೂರು ತಿಂಗಳದ್ದು ಒಟ್ಟಿಗೆ ತರುತ್ತೇವೆ. ಕಾಸು ಕೊಟ್ಟು ತಂದದ್ದನ್ನು ಎಸೆಯಲು ಕೃಷಿಕನ ಕೈ ಬರುವುದಿಲ್ಲ. ಕೊನೆಗೆ ಸಾವು. ಆಸ್ಪತ್ರೆಯಿಂದ ಬಂದ ಚೀಲ ಸತ್ತವರ ಕನ್ನಡಕ, ಊರುಗೋಲಿನ ಜೊತೆಗೆ ಸೇರಿಬಿಡುತ್ತದೆ.

ಎಲ್ಲಿಗೆ ಎಸೆಯುತ್ತೇವೆ

ಎಸೆಯುವವರಾದರೂ ಎಲ್ಲಿಗೆ ಎಸೆಯುತ್ತಾರೆ ಎಂದು ಆ ಕೇರಿಯಲ್ಲಿಯೇ ನಾಲ್ಕಾರು ಮನೆಗಳಲ್ಲಿ ವಿಚಾರಿಸಿದೆವು. ಹೆಚ್ಚಿನವರು ಹೇಳಿದ್ದು ಬಚ್ಚಲ ಒಲೆ. ಹಂಡೆಯ ಅಡಿಯ ಬೆಂಕಿ ನಮ್ಮ ಕರಾವಳಿಯ ಮನೆಗಳಲ್ಲಿ ಎಲ್ಲ ಕಸಕ್ಕೂ ಮುಕ್ತಿಧಾಮ. ಸೋಗೆ, ಹಾಳೆ, ಕಾಯಿಸಿಪ್ಪೆ ಉರಿದಂತೆ ಗುಳಿಗೆಯೂ ಉರಿದುಹೋಗುತ್ತದೆ ಎಂಬ ಭಾವನೆ. ಹಾಗೆ ಹೋಗುವುದಿಲ್ಲ. ಆಸ್ಪತ್ರೆಯ ಔಷಧ ತ್ಯಾಜ್ಯವನ್ನು ಸುಡುವ ಕುಲುಮೆಗಳು ಸಾವಿರ ಡಿಗ್ರಿಗೂ ಮೇಲ್ಪಟ್ಟು ಕಾಯುತ್ತವೆ. ಕ್ಯಾನ್ಸರಿನ ಕೆಲವು ಔಷಧಗಳಿಗೆ 1200 ಡಿಗ್ರಿ ಬೇಕೆಂದು ನಿಯಮವೇ ಇದೆ. ನಮ್ಮ ಬಚ್ಚಲ ಒಲೆಯ ತೆಂಗಿನ ಗರಿಯ ಬೆಂಕಿ ಅಲ್ಲಿಗೆ ಎಲ್ಲಿ ಮುಟ್ಟೀತು? ಮಾತ್ರೆಯ ಹಾಳೆಯ ಪ್ಲಾಸ್ಟಿಕ್ಕು ಅರೆಬೆಂದು ವಿಷದ ಹೊಗೆ ಬಿಡುತ್ತದೆ. ಆ ಹೊಗೆ ಸ್ನಾನಕ್ಕೆ ಹೋದ ಮಕ್ಕಳ ಮೂಗಿಗೆ. ಬೂದಿ ತೋಟಕ್ಕೆ.

ಎರಡನೆಯದು ಗೊಬ್ಬರದ ಗುಂಡಿ. ಸಗಣಿ, ದರಕು, ಸೊಪ್ಪು ಕೊಳೆತು ಗೊಬ್ಬರವಾಗುವುದು ಕಣ್ಣಿಗೆ ಕಾಣದ ಜೀವಾಣುಗಳ ದುಡಿಮೆಯಿಂದ. ಆ ಗುಂಡಿಗೆ ಜೀವಾಣುನಾಶಕ ಗುಳಿಗೆ ಸುರಿಯುವುದು, ಆಳು ಕರೆದು ಕೆಲಸಕ್ಕೆ ಹಚ್ಚಿ ಅವರ ಊಟದಲ್ಲಿ ಮಣ್ಣು ಹಾಕಿದಂತೆ. ಸಾಯದೆ ಉಳಿದ ಜೀವಾಣುಗಳು ಆ ಔಷಧಿಯನ್ನು ಸಹಿಸಲು ಕಲಿಯುತ್ತವೆ ಎಂಬುದು ಇನ್ನೂ ದೊಡ್ಡ ಚಿಂತೆ. ಇನ್ನು ನಮ್ಮ ನೆಲ ಎಂಥದು? ಮೇಲೆ ಚಿರೆಕಲ್ಲು, ಕೆಳಗೆ ಜೇಡಿ. ಕಲ್ಲಿನ ತೂತುಗಳಲ್ಲಿ ನೀರು ಜರಡಿಯಲ್ಲಿ ಇಳಿದಂತೆ ಇಳಿಯುತ್ತದೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಆಕಾಶವೇ ತೂತಾದ ಹಾಗೆ ಮಳೆ. ಗೊಬ್ಬರದ ಗುಂಡಿಗೂ ಕುಡಿಯುವ ನೀರಿನ ಬಾವಿಗೂ ನಡುವೆ ಹತ್ತಿಪ್ಪತ್ತು ಮಾರು. ಭಟ್ಕಳ ಪೇಟೆಯಲ್ಲಿ ಚರಂಡಿಯ ನೀರು ಶರಾಬಿ ಹೊಳೆಗೂ ಸುತ್ತಲಿನ ಬಾವಿಗಳಿಗೂ ಸೇರಿದ್ದರಿಂದ ಜನ ಪಟ್ಟ ಪಾಡು ಈ ಭಾಗದ ಓದುಗರಿಗೆ ಹೊಸತಲ್ಲ. ನೆಲದೊಳಗಿನ ನೀರಿಗೆ ಗಡಿಕಲ್ಲು ಇಲ್ಲ.

ಆದರೆ ಇದ್ದದ್ದನ್ನು ಇದ್ದ ಹಾಗೆ ಹೇಳಬೇಕು. ನದಿ, ಬಾವಿಗಳಲ್ಲಿ ಸಿಗುವ ಔಷಧದ ಅಂಶದಲ್ಲಿ ಹೆಚ್ಚಿನ ಪಾಲು ಮನೆಯವರು ಎಸೆದ ಮಾತ್ರೆಯಿಂದ ಬಂದದ್ದಲ್ಲ. ನುಂಗಿದ ಮಾತ್ರೆಯೇ ಮಲಮೂತ್ರದಲ್ಲಿ ಹೊರಬಿದ್ದು ಸೇರುವುದು ಹೆಚ್ಚು. ಔಷಧ ಕಾರ್ಖಾನೆಗಳಿರುವಲ್ಲಿ ಅವುಗಳ ಹೊಲಸು ಇನ್ನೂ ಹೆಚ್ಚು. ಹೈದರಾಬಾದಿನ ಹತ್ತಿರದ ಪಟಾಂಚೆರುವಿನಲ್ಲಿ ಅಂಥ ನೀರನ್ನು ಪರೀಕ್ಷಿಸಿ ಸ್ವೀಡನ್ನಿನ ವಿಜ್ಞಾನಿಗಳು 2007ರಲ್ಲಿ ಪ್ರಕಟಿಸಿದ ವರದಿ ಜಗತ್ತನ್ನೇ ಬೆಚ್ಚಿಬೀಳಿಸಿತ್ತು. ಹಾಗಾಗಿ ಹೆಬಳೆಯ ಒಂದು ಗೋಡೆಗೂಡು ಕಡಲನ್ನು ಕೆಡಿಸುತ್ತದೆ ಎಂದು ನಾವು ಹೆದರಿಸುವುದಿಲ್ಲ. ನಮ್ಮ ಹೆದರಿಕೆ ಮನೆಯೊಳಗಿನದು. ಕತ್ತಲಲ್ಲಿ ತಡಕುವ ಮುದುಕರು, ಬಣ್ಣದ ಗುಳಿಗೆಯನ್ನು ಮಿಠಾಯಿ ಎಂದುಕೊಳ್ಳುವ ಮಕ್ಕಳು, ಮನಸ್ಸು ಕೆಟ್ಟ ಗಳಿಗೆಯಲ್ಲಿ ಆ ಚೀಲದ ಕಡೆ ಕೈ ಚಾಚುವವರು. ಈ ಮೂರನೆಯದನ್ನು ಬಾಯಿಬಿಟ್ಟು ಹೇಳಲು ಎಲ್ಲರೂ ಹಿಂಜರಿಯುತ್ತೇವೆ.

ಮನೆಯ ಮದ್ದು ಕೊಟ್ಟಿಗೆಗೆ ಹೋಗುವುದೂ ಉಂಟು. ಕೆಚ್ಚಲು ಬಾತ ಆಕಳಿಗೆ, ಕುಂಟುವ ಎತ್ತಿಗೆ, ಉಳಿದ ನೋವಿನ ಮಾತ್ರೆಯನ್ನು ಬಾಳೆಹಣ್ಣಿನಲ್ಲಿಟ್ಟು ಕೊಟ್ಟೆವು ಎಂದು ಒಬ್ಬರು ಹೇಳಿದರು. ಅಂಥವರು ರಣಹದ್ದಿನ ಕಥೆ ಕೇಳಬೇಕು. ನಮ್ಮ ಹಿರಿಯರ ಕಾಲದಲ್ಲಿ ಸತ್ತ ದನದ ಮೇಲೆ ಹಿಂಡುಹಿಂಡಾಗಿ ಇಳಿಯುತ್ತಿದ್ದ ಹದ್ದುಗಳು 1990ರ ದಶಕದಲ್ಲಿ ಇದ್ದಕ್ಕಿದ್ದಂತೆ ದೇಶದಿಂದ ಕಾಣೆಯಾದವು. ನೂರಕ್ಕೆ ತೊಂಬತ್ತೈದಕ್ಕಿಂತ ಹೆಚ್ಚು ಹೋದ ಜಾತಿಗಳಿವೆ. ಕಾರಣ ಡೈಕ್ಲೋಫೆನಾಕ್ ಎಂಬ ನೋವಿನ ಮದ್ದು ಎಂದು 2004ರಲ್ಲಿ ರುಜುವಾತಾಯಿತು. ಆ ಮದ್ದು ಕೊಟ್ಟ ದನ ಬೇಗ ಸತ್ತರೆ, ಅದರ ಮಾಂಸ ತಿಂದ ಹದ್ದಿನ ಮೂತ್ರಪಿಂಡ ಕೆಲಸ ನಿಲ್ಲಿಸುತ್ತದೆ. 2006ರಲ್ಲಿ ದನಗಳಿಗೆ ಅದನ್ನು ತಯಾರಿಸುವುದನ್ನು ಭಾರತ ಸರ್ಕಾರ ನಿಷೇಧಿಸಿತು. ಆದರೂ ಮನುಷ್ಯರಿಗೆಂದು ಮಾರುವ ದೊಡ್ಡ ಬಾಟಲಿಗಳು ಕೊಟ್ಟಿಗೆಗೆ ಹೋಗುತ್ತಲೇ ಇದ್ದುದರಿಂದ, 2015ರಲ್ಲಿ ಚುಚ್ಚುಮದ್ದಿನ ಬಾಟಲಿಯನ್ನು 3 ಮಿಲಿ ಲೀಟರಿಗೆ ಇಳಿಸಬೇಕಾಯಿತು. ನಮ್ಮ ರಾಜ್ಯದಲ್ಲಿ ಉಳಿದ ಕೆಲವೇ ಹದ್ದುಗಳಿಗಾಗಿ ರಾಮನಗರದ ಬೆಟ್ಟದಲ್ಲಿ 2012ರಲ್ಲಿ ಅಭಯಧಾಮ ಮಾಡಿದ್ದಾರೆ.

ಔಷಧ ಅಂಗಡಿಯವರ ಕಷ್ಟ

ತಂದಲ್ಲಿಗೇ ಹಿಂದಿರುಗಿಸಿದರೆ ಹೇಗೆ ಎಂಬ ವಿಚಾರ ಯಾರಿಗಾದರೂ ಬರುವಂಥದು. ಅಡಿಕೆ ಚೀಲವನ್ನು ಸೊಸೈಟಿಗೆ ಹಿಂದಿರುಗಿಸುವುದಿಲ್ಲವೇ? ಹೆಬಳೆಯಿಂದ ಮರಳುವಾಗ ಪೇಟೆಯ ಒಂದು ಔಷಧ ಅಂಗಡಿಗೆ ಹೋಗಿ ಕೇಳಿದೆವು. ಅಂಗಡಿಯವರು ತಾಳ್ಮೆಯಿಂದ ತಿಳಿಸಿದರು. ಅವರ ಮಾತು ಕೇಳುವವರೆಗೆ ಇದು ಬರೀ ಉದಾಸೀನ ಎಂದೇ ನಾವು ತಿಳಿದಿದ್ದೆವು.

ಅಂಗಡಿಯಲ್ಲಿ ಮಾರಾಟವಾಗದೆ ಅವಧಿ ಮುಗಿದ ಮಾಲಿಗೆ ಒಂದು ದಾರಿ ಇದೆ. ಅದನ್ನು ಬೇರೆ ಪೆಟ್ಟಿಗೆಯಲ್ಲಿ ತುಂಬಿ, ಮಾರಾಟಕ್ಕಲ್ಲ ಎಂದು ಮೇಲೆ ಎದ್ದುಕಾಣುವಂತೆ ಬರೆದು ಇಡಬೇಕೆಂಬುದು ಔಷಧ ಕಾನೂನಿನ ನಿಯಮ. ಆ ಪೆಟ್ಟಿಗೆ ಸಗಟು ವ್ಯಾಪಾರಿಗೆ ಹೋಗುತ್ತದೆ, ಅಲ್ಲಿಂದ ಕಂಪನಿಗೆ. ಅಂಗಡಿಯವರಿಗೆ ಅದರ ಲೆಕ್ಕದಲ್ಲಿ ಜಮೆ ಸಿಗುತ್ತದೆ. ನಾವು ಮನೆಯಿಂದ ತಂದ ಹಾಳೆಗೆ ಬಿಲ್ಲಿಲ್ಲ, ಎಷ್ಟೋ ಸಲ ಬ್ಯಾಚ್ ನಂಬರಿಲ್ಲ. ಅದನ್ನು ಸಗಟಿನವರು ಮುಟ್ಟುವುದಿಲ್ಲ. ಸುಡುವ ಜಾಗಕ್ಕೆ ಕಳುಹಿಸುವುದಾದರೆ ತೂಕದ ಮೇಲೆ ಖರ್ಚು. ಅದನ್ನು ಯಾರು ಕೊಡಬೇಕು? ಅಷ್ಟರೊಳಗೆ ಇನ್‌ಸ್ಪೆಕ್ಟರು ಬಂದು, ಅವಧಿ ಮುಗಿದ ಇಷ್ಟೊಂದು ಬಗೆಬಗೆಯ ಮಾತ್ರೆ ನಿಮ್ಮಲ್ಲಿ ಏಕಿದೆ ಎಂದು ಕೇಳಿದರೆ? ಗಿರಾಕಿ ನೋಡಿ, ಇವರು ಹಳೆಯದನ್ನು ಕೊಂಡು ಮತ್ತೆ ಮಾರುತ್ತಾರೆ ಎಂದು ಊರೆಲ್ಲ ಹೇಳಿದರೆ? "ತಗೊಳ್ಳೂದು ಕಷ್ಟ ಅಲ್ಲ, ತಗೊಂಡದ್ದನ್ನು ಎಲ್ಲಿಗೆ ಕಳ್ಸೂದು ಅಂತ ನೀವೇ ಹೇಳಿ" ಎಂದು ಅವರು ಕೇಳಿದಾಗ ನಮ್ಮ ಬಳಿ ಉತ್ತರವಿರಲಿಲ್ಲ.

ಬಡವರಿಗೆ ಕೊಡಬಹುದಲ್ಲ ಎಂದು ಕೆಲವರು ಹೇಳುವುದುಂಟು. ಒಳ್ಳೆಯ ಮನಸ್ಸಿನ ಮಾತು, ಆದರೆ ಆಗದು. ಬಿಸಿಲಿನಲ್ಲಿ, ಮಳೆಗಾಲದ ತೇವದಲ್ಲಿ, ಒಲೆಯ ಮೇಲಿನ ಗೂಡಿನಲ್ಲಿ ಹೇಗೆ ಹೇಗೆ ಇದ್ದದ್ದೋ ಬಲ್ಲವರಿಲ್ಲ. ಫ್ರಾನ್ಸಿನಲ್ಲಿ ಮನೆಗಳಿಂದ ಮರಳಿ ಬಂದ ಔಷಧವನ್ನು ಬಡ ದೇಶಗಳಿಗೆ ಕಳುಹಿಸುವ ವಾಡಿಕೆ ಬಹುಕಾಲ ಇತ್ತು. 2008ರ ಕೊನೆಗೆ ಅದನ್ನು ನಿಲ್ಲಿಸಿಬಿಟ್ಟರು.

ಬೇರೆಯವರು ಮಾಡಿದ್ದು

ಅಂಗಡಿಯವರು ಕೇಳಿದ ಪ್ರಶ್ನೆಗೆ ಉತ್ತರ ಹುಡುಕಿದ ನಾಡುಗಳಿವೆ. ಸ್ವೀಡನ್ನಿನಲ್ಲಿ 1970ರ ದಶಕದಿಂದಲೇ ಜನ ಉಳಿದ ಔಷಧವನ್ನು ಅಂಗಡಿಗೆ ಒಯ್ದು ಕೊಡುತ್ತಾರೆ. ಫ್ರಾನ್ಸಿನಲ್ಲಿ 1993ರಲ್ಲಿ ಔಷಧ ಕಂಪನಿಗಳ ಹಣದಿಂದ ಇದಕ್ಕೊಂದು ಸಂಸ್ಥೆಯಾಯಿತು, 2007ರ ಕಾನೂನು ಬಂದ ಮೇಲೆ ಮನೆಯವರು ತಂದದ್ದನ್ನು ತೆಗೆದುಕೊಳ್ಳುವುದು ಅಂಗಡಿಗಳ ಕರ್ತವ್ಯವೇ ಆಯಿತು. ತಯಾರಿಸಿದವನು ಖರ್ಚು ಕೊಡುತ್ತಾನೆ, ಮಾರಿದವನು ಪಡೆಯುತ್ತಾನೆ, ನುಂಗಿದವನು ತಂದು ಕೊಡುತ್ತಾನೆ.

ಅಷ್ಟು ದೂರ ಏಕೆ, ನಮ್ಮ ಪಕ್ಕದ ಕೇರಳವನ್ನೇ ನೋಡೋಣ. ಅಲ್ಲಿಯ ಔಷಧ ನಿಯಂತ್ರಣ ಇಲಾಖೆ 2019ರಲ್ಲಿ ತಿರುವನಂತಪುರದಲ್ಲಿ ಔಷಧ ವ್ಯಾಪಾರಿಗಳ ಸಂಘದೊಡನೆ ಸೇರಿ ಪ್ರೌಡ್ ಎಂಬ ಯೋಜನೆ ಮಾಡಿತ್ತು. 2025ರ ಫೆಬ್ರವರಿಯಲ್ಲಿ ಅದನ್ನು ಹೊಸದಾಗಿ ರೂಪಿಸಿ ಎನ್‌ಪ್ರೌಡ್ ಎಂಬ ಹೆಸರಿನಲ್ಲಿ ಕೋಳಿಕ್ಕೋಡ್ ಮಹಾನಗರಪಾಲಿಕೆಯಲ್ಲಿಯೂ ಅದೇ ಜಿಲ್ಲೆಯ ಉಳ್ಳಿಯೇರಿ ಗ್ರಾಮ ಪಂಚಾಯತಿಯಲ್ಲಿಯೂ ಆರಂಭಿಸಿತು. ಒಂದು ಪಟ್ಟಣದ ಜೊತೆಗೆ ಒಂದು ಹಳ್ಳಿಯನ್ನೂ ಆರಿಸಿದ್ದು ನಮಗೆ ಮೆಚ್ಚುಗೆಯಾಯಿತು. ನಿಗದಿಯಾದ ಜಾಗಗಳಲ್ಲಿ ನೀಲಿ ಪೆಟ್ಟಿಗೆ. ಜೊತೆಗೆ ಮನೆಮನೆಯ ಕಸ ಸಂಗ್ರಹಿಸುವ ಹರಿತ ಕರ್ಮ ಸೇನೆಯ ಹೆಣ್ಣುಮಕ್ಕಳೂ ಔಷಧವನ್ನು ಬೇರೆಯಾಗಿ ಪಡೆಯುತ್ತಾರೆ. ಕೂಡಿಸಿದ್ದು ಎರ್ನಾಕುಲಂ ಜಿಲ್ಲೆಯಲ್ಲಿರುವ ಅಪಾಯಕಾರಿ ತ್ಯಾಜ್ಯದ ಘಟಕಕ್ಕೆ ಹೋಗಿ ಅಲ್ಲಿ ಸುಡಲ್ಪಡುತ್ತದೆ. ಪೆಟ್ಟಿಗೆ ಇಡುವುದಕ್ಕೆ ಮುಂಚೆ, ಅದು ತುಂಬಿದ ಮೇಲೆ ಎಲ್ಲಿಗೆ ಎಂಬುದನ್ನು ತೀರ್ಮಾನಿಸಿಕೊಂಡಿದ್ದಾರೆ ಎಂಬುದನ್ನು ಓದುಗರು ಗಮನಿಸಬೇಕು.

ಅದೇ ವರ್ಷದ ಮೇ ತಿಂಗಳಲ್ಲಿ ಕೇಂದ್ರದ ಔಷಧ ನಿಯಂತ್ರಣ ಸಂಸ್ಥೆ ಇಡೀ ದೇಶಕ್ಕೆ ಒಂದು ಮಾರ್ಗಸೂಚಿ ಹೊರಡಿಸಿತು. ರಾಜ್ಯದ ಔಷಧ ನಿಯಂತ್ರಣ ಇಲಾಖೆಯೂ ಔಷಧ ವ್ಯಾಪಾರಿಗಳ ಸಂಘವೂ ಸೇರಿ, ಜನ ಮನೆಯ ಔಷಧವನ್ನು ತಂದು ಹಾಕುವ ಸ್ಥಳಗಳನ್ನು ಮಾಡಬಹುದು, ಅದನ್ನು ಜೈವಿಕ ವೈದ್ಯಕೀಯ ತ್ಯಾಜ್ಯದ ಅಧಿಕೃತ ಸಂಸ್ಥೆಯ ಮೂಲಕ ವಿಲೇವಾರಿ ಮಾಡಬಹುದು ಎಂದು ಅದರಲ್ಲಿದೆ. ಮಾಡಬಹುದು ಎಂದಿದೆಯೇ ಹೊರತು ಮಾಡಲೇಬೇಕು ಎಂದಿಲ್ಲ. ಸರ್ಕಾರಿ ಕಾಗದಗಳಲ್ಲಿ ಈ ಎರಡು ಶಬ್ದಗಳ ನಡುವಿನ ದೂರ ಎಷ್ಟೆಂಬುದು ಬೆಳೆವಿಮೆಯ ಅನುಭವವಿದ್ದ ನಮ್ಮ ಸದಸ್ಯರಿಗೆ ಹೇಳಿಕೊಡಬೇಕಾಗಿಲ್ಲ.

ಕಸದ ಕಾನೂನಿನಲ್ಲಿಯೂ ಇದರ ಪ್ರಸ್ತಾಪವಿದೆ. ಘನತ್ಯಾಜ್ಯದ 2016ರ ನಿಯಮಗಳು ಮನೆಯ ಅಪಾಯಕಾರಿ ಕಸ ಎಂಬುದಕ್ಕೆ ಕೊಟ್ಟ ಪಟ್ಟಿಯಲ್ಲಿ ಕೀಟನಾಶಕದ ಡಬ್ಬಿಯನ್ನೂ ಅವಧಿ ಮುಗಿದ ಔಷಧವನ್ನೂ ಒಂದೇ ಸಾಲಿನಲ್ಲಿ ಹೇಳಿದ್ದವು. ಅವುಗಳ ಸ್ಥಾನದಲ್ಲಿ 2026ರ ಏಪ್ರಿಲ್ 1ರಿಂದ ಜಾರಿಗೆಂದು ಬಂದ ಹೊಸ ನಿಯಮಗಳು ಹಸಿಕಸ, ಒಣಕಸ, ನೈರ್ಮಲ್ಯದ ಕಸ, ವಿಶೇಷ ಎಚ್ಚರದ ಕಸ ಎಂದು ನಾಲ್ಕು ಭಾಗ ಮಾಡಿವೆ. ಔಷಧ ನಾಲ್ಕನೆಯದರಲ್ಲಿ. ಅದನ್ನು ಅಧಿಕೃತ ಸಂಸ್ಥೆಯವರು ಪಡೆಯಬೇಕು, ಇಲ್ಲವೇ ನಿಗದಿಯಾದ ಕೇಂದ್ರಕ್ಕೆ ಮುಟ್ಟಿಸಬೇಕು. ನಾವು ಮಾತಾಡಿಸಿದ ಮನೆಗಳವರಿಗೆ ಅಂಥ ಕೇಂದ್ರವೊಂದು ಗೊತ್ತಿರಲಿಲ್ಲ.

ನಮ್ಮ ಸಂಘ ಮಾಡಬಹುದಾದದ್ದು

ನಮ್ಮ ಸಂಘಕ್ಕೆ ಇದರ ಗೊಡವೆ ಏಕೆ ಎಂದು ಕೇಳುವವರಿದ್ದಾರೆ. ಊರೂರಿನ ಮಾಲನ್ನು ಒಂದೆಡೆ ತಂದು, ತೂಗಿ, ಬರೆದುಕೊಂಡು, ಮುಂದಕ್ಕೆ ಸಾಗಿಸುವ ಕೆಲಸವನ್ನೇ ಅಲ್ಲವೇ ಸಂಘ ಹುಟ್ಟಿದಂದಿನಿಂದ ಮಾಡುತ್ತಿರುವುದು? ಒಬ್ಬ ಅಂಗಡಿಯವನಿಗೆ ಹೊರೆಯಾಗುವ ಖರ್ಚು ಸಾವಿರಾರು ಸದಸ್ಯರಿಗೆ ಹಂಚಿದರೆ ವರ್ಷಕ್ಕೆ ಒಂದು ಕಟ್ಟು ವೀಳ್ಯದೆಲೆಯ ಬೆಲೆಗೂ ಬಾರದು ಎಂಬುದು ನಮ್ಮ ಅಂದಾಜು.

ನಾವು ಆಡಳಿತ ಮಂಡಳಿಯ ಮುಂದಿಡಬಯಸುವ ಸಲಹೆ ಇಷ್ಟು. ಮೊದಲು ಔಷಧ ನಿಯಂತ್ರಣ ಇಲಾಖೆಗೆ ಬರೆದು, ಒಪ್ಪುವ ಅಂಗಡಿಗಳಲ್ಲಿ ಪೆಟ್ಟಿಗೆ ಇಡಲು ಲಿಖಿತ ಅನುಮತಿ ಪಡೆಯಬೇಕು. ಅಂಗಡಿಯವರ ಭಯ ಹೋಗುವುದು ಅದರಿಂದಲೇ. ಆಸ್ಪತ್ರೆಗಳ ತ್ಯಾಜ್ಯ ಒಯ್ಯುವ ಅಧಿಕೃತ ಸಂಸ್ಥೆಯೊಡನೆ ದರ ಮಾತಾಡಿ ಕರಾರು ಮಾಡಿಕೊಳ್ಳಬೇಕು. ಇವೆರಡೂ ಆಗುವ ತನಕ ಒಂದು ಪೆಟ್ಟಿಗೆಯನ್ನೂ ಎಲ್ಲಿಯೂ ಇಡಕೂಡದು. ಸಾಗಿಸುವ ದಾರಿ ಇಲ್ಲದೆ ತುಂಬಿದ ಪೆಟ್ಟಿಗೆ ಹತ್ತು ಮನೆಗಳ ಗೋಡೆಗೂಡಿಗಿಂತ ಅಪಾಯದ್ದು, ಅದಕ್ಕೆ ಕಳ್ಳರೂ ಹುಟ್ಟಿಕೊಳ್ಳುತ್ತಾರೆ. ಪೆಟ್ಟಿಗೆ ಕಬ್ಬಿಣದ್ದಾಗಿರಬೇಕು, ಒಳಗೆ ಹಾಕಲು ಬರುವಂತೆ, ಕೈ ತೂರದಂತೆ ಸಣ್ಣ ಸೀಳು, ಎರಡು ಬೀಗ, ಒಂದು ಕೀಲಿ ಅಂಗಡಿಯಲ್ಲಿ, ಇನ್ನೊಂದು ಸಂಘದ ಶಾಖೆಯಲ್ಲಿ. ಇನ್ಸುಲಿನ್ ಸೂಜಿಗಳನ್ನು ಅದಕ್ಕೆ ಹಾಕುವಂತಿಲ್ಲ, ಅವನ್ನು ಗಟ್ಟಿ ಮುಚ್ಚಳದ ದಪ್ಪ ಡಬ್ಬಿಯಲ್ಲಿ ಬೇರೆ ಕೊಡಬೇಕು. ತೋಟದ ಕೀಟನಾಶಕದ ಬಾಟಲಿಯಂತೂ ಬೇಡವೇ ಬೇಡ, ಅದರ ಸಂಗತಿಯನ್ನು ಇನ್ನೊಂದು ಸಂಚಿಕೆಯಲ್ಲಿ ಬರೆಯುತ್ತೇವೆ. ಘಟ್ಟದ ಮೇಲಿನ ಕಾಫಿ ಬೆಳೆಗಾರ ಸದಸ್ಯರು ತಮ್ಮ ಎಸ್ಟೇಟಿನ ಔಷಧದ ಕಪಾಟನ್ನೂ ಲೈನ್ ಮನೆಗಳನ್ನೂ ಈ ಲೆಕ್ಕಕ್ಕೆ ಸೇರಿಸಿಕೊಳ್ಳಬೇಕು.

ಅಲ್ಲಿಯವರೆಗೆ ಮನೆಯಲ್ಲಿ ಏನು ಮಾಡುವುದು? ಇಂದು ಸಂಜೆಯೇ ಗೂಡಿನಲ್ಲಿದ್ದುದನ್ನೆಲ್ಲ ಗೆರಸೆಗೆ ಸುರಿಯಿರಿ. ಈಗ ನುಂಗುತ್ತಿರುವುದು, ಹೆಸರೂ ತಾರೀಕೂ ಸರಿಯಾಗಿರುವುದು ಒಂದು ಕಡೆ. ಉಳಿದದ್ದೆಲ್ಲ ಬೀಗವಿರುವ ಟ್ರಂಕಿಗೆ. ಒಬ್ಬೊಬ್ಬರ ಮದ್ದಿಗೆ ಒಂದೊಂದು ಡಬ್ಬಿ, ಮೇಲೆ ಕನ್ನಡದಲ್ಲಿ ದೊಡ್ಡದಾಗಿ ಹೆಸರು. ಅಂಗಡಿಯವರು ಹಾಳೆ ಕತ್ತರಿಸುವಾಗ ತಾರೀಕು ನಮ್ಮ ತುಂಡಿನಲ್ಲಿ ಇರಲಿ ಎಂದು ಕೇಳಿ, ಇಲ್ಲವಾದರೆ ಬರೆಸಿಕೊಳ್ಳಿ. ಎಸೆಯಲೇಬೇಕಾಗಿ ಬಂದರೆ ಅಮೆರಿಕದ ಔಷಧ ಇಲಾಖೆ ಅಲ್ಲಿಯ ಜನರಿಗೆ ಹೇಳುವ ಒಂದು ಉಪಾಯ ನಮ್ಮ ಪತ್ರಿಕೆಯ ಓದುಗರಿಗೆ ನಗು ತರಿಸೀತು: ಗುಳಿಗೆಗಳನ್ನು ಹಾಳೆಯಿಂದ ಬಿಡಿಸಿ, ಸೋಸಿ ಉಳಿದ ಕಾಫಿ ಗಸಿಯಲ್ಲಿ ಕಲಸಿ, ಡಬ್ಬಿಯಲ್ಲಿ ಮುಚ್ಚಿ ಕಸಕ್ಕೆ ಕೊಡುವುದು. ಆ ಗಸಿಯನ್ನು ಮಗುವಾಗಲಿ ನಾಯಿಯಾಗಲಿ ಬಾಯಿಗೆ ಹಾಕುವುದಿಲ್ಲ. ನಮ್ಮಲ್ಲಿ ಅದನ್ನು ಪಂಚಾಯತಿಯ ಕಸದ ವಾಹನಕ್ಕೆ, ಔಷಧ ಎಂದು ಚೀಟಿ ಹಚ್ಚಿ, ಬಾಯಿಬಿಟ್ಟು ಹೇಳಿಯೇ ಕೊಡಬೇಕು. ಕಸ ವಿಂಗಡಿಸುವ ಹೆಣ್ಣುಮಕ್ಕಳು ಬರಿಗೈಯಲ್ಲಿ ಅದನ್ನು ಬಿಚ್ಚುವಂತಾಗಬಾರದು.

ಕ್ಯಾನ್ಸರ್ ರೋಗಿಗಳಿದ್ದ ಮನೆಗಳಿಗೆ ಬೇರೆಯೇ ಮಾತು. ಮಾರ್ಫಿನ್ ಮಾತ್ರೆ, ಮೈಗೆ ಅಂಟಿಸುವ ಫೆಂಟನಿಲ್ ಪಟ್ಟಿ ಮುಂತಾದವು ಇನ್ನೊಬ್ಬರಿಗೆ ಒಂದೇ ಸಲಕ್ಕೆ ಪ್ರಾಣಾಂತಿಕವಾಗಬಹುದು. ಬಳಸಿ ತೆಗೆದ ಪಟ್ಟಿಯಲ್ಲಿಯೂ ಮಗುವನ್ನು ಕೊಲ್ಲುವಷ್ಟು ಮದ್ದು ಉಳಿದಿರುತ್ತದೆ. ಇಂಥ 17 ಔಷಧಗಳನ್ನು ಹೆಸರಿಸಿ, ಮರಳಿಸುವ ದಾರಿ ಇಲ್ಲದಿದ್ದರೆ ಶೌಚಾಲಯದಲ್ಲಿ ನೀರು ಹಾಕಿ ಬಿಡಿ ಎಂದು ಕೇಂದ್ರದ ಮಾರ್ಗಸೂಚಿಯೇ ಹೇಳುತ್ತದೆ. ನೀರು ಕೆಡುವುದಕ್ಕಿಂತ ಜೀವ ದೊಡ್ಡದೆಂಬ ಲೆಕ್ಕ. ಉಳಿದ ಔಷಧಗಳಿಗೆ ಈ ಮಾತು ಅನ್ವಯಿಸದು. ಯಾವುದು ಯಾವುದೆಂದು ಔಷಧ ಕೊಟ್ಟ ಆಸ್ಪತ್ರೆಯಲ್ಲಿಯೇ ಕೇಳಿಕೊಳ್ಳಬೇಕು.

ಹೆಬಳೆಯ ಆ ಮನೆಗೆ ಹೋದ ವಾರ ಮತ್ತೆ ಹೋಗಿದ್ದೆವು. ಎರಡನೆಯ ಮದ್ದು ಹೊಡೆದು ಆಗಿದೆ, ಕೊಳೆ ಹತೋಟಿಗೆ ಬಂದಿದೆ. ಗೋಡೆಗೂಡಿನಲ್ಲಿ ಈಗ ಅಜ್ಜಿಯ ಎರಡೇ ಡಬ್ಬಿ. ಸೊಸೆ ಕೆಂಪು ಬಣ್ಣದಲ್ಲಿ ಹೆಸರು ಬರೆದು ಅಂಟಿಸಿದ್ದಾರೆ. ಚೀಲ ಟ್ರಂಕಿನಲ್ಲಿದೆ. ಅಂಗಡಿಯಲ್ಲಿ ಪೆಟ್ಟಿಗೆ ಯಾವಾಗ ಬರುತ್ತದೆ ಎಂದು ಅಜ್ಜಿ ಕೇಳಿದರು. ಆಡಳಿತ ಮಂಡಳಿಯ ಮುಂದಿನ ಸಭೆಯಲ್ಲಿ ವಿಷಯ ಇಡುತ್ತೇವೆ ಎಂದೆವು. ತಮ್ಮ ಊರಿನ ಔಷಧ ಅಂಗಡಿಯವರು ಒಪ್ಪುವರೇ, ಯಾವ ಷರತ್ತಿನ ಮೇಲೆ ಎಂಬುದನ್ನು ಸದಸ್ಯರು ವಿಚಾರಿಸಿ, ಅದಕ್ಕೆ ಮುಂಚೆ ಒಂದು ಕಾಗದ ಬರೆದು ಶಾಖೆಯಲ್ಲಿ ಕೊಟ್ಟರೆ ಕೆಲಸ ಹಗುರವಾಗುತ್ತದೆ.